ಕ್ಯಾಪ್ ಕೂಡಿಸುವ ರೆಸಿನ್ ಸಿಮೆಂಟ್: ಎರಡು ಹಲ್ಲು, ಮೂರು ವರ್ಷದ ಅನುಭವ

ನನ್ನ ಕೆಳದವಡೆಯ ಒಂದೇ ಕ್ಯಾಪು ಎಂಟು ತಿಂಗಳಲ್ಲಿ ಎರಡು ಸಲ ಕಿತ್ತು ಕೈಗೆ ಬಂದಿತ್ತು. ಮೊದಲ ಸಲ ಖಡಕ್ ರೊಟ್ಟಿ ಅಗಿಯುವಾಗ, ಎರಡನೆಯ ಸಲ ಅಮೀನಗಡದ ಕರದಂಟು ಹಲ್ಲಿಗೆ ಹಿಡಿದಾಗ. ಮೊದಲು ಕೂಡಿಸಿದ ದವಾಖಾನೆಯವರು ಎರಡು ಸಲವೂ ಐದೇ ನಿಮಿಷದಲ್ಲಿ ಅದೇ ಸಿಮೆಂಟ್ ಕಲಸಿ ಒತ್ತಿ ಕಳಿಸಿದ್ದರು. ಮೂರನೆಯ ಸಲ ನಾನು ಬಾಗಲಕೋಟೆಯ ನವನಗರದಲ್ಲಿ ಬೇರೊಬ್ಬ ದಂತವೈದ್ಯರ ಬಳಿಗೆ ಹೋದೆ. ಅವರು ಕ್ಯಾಪನ್ನು ಬೆಳಕಿಗೆ ಹಿಡಿದು ನೋಡಿ, ಅದರ ಒಳಮೈ ತೊಳೆದಿಟ್ಟ ಬಟ್ಟಲಿನಂತೆ ನುಣ್ಣಗಿರುವುದನ್ನೂ ಸಿಮೆಂಟೆಲ್ಲ ಹಲ್ಲಿನ ಮೇಲೆಯೇ ಉಳಿದಿರುವುದನ್ನೂ ತೋರಿಸಿದರು. ಅಂಟು ಹಲ್ಲನ್ನು ಬಿಟ್ಟಿರಲಿಲ್ಲ, ಕ್ಯಾಪನ್ನು ಬಿಟ್ಟಿತ್ತು. ಈ ವಿಮರ್ಶೆ ಅಲ್ಲಿ ಬಳಸಿದ ರೆಸಿನ್, ಅಂದರೆ ರಾಳದ ಸಿಮೆಂಟಿನ ಬಗ್ಗೆ, ಮತ್ತು ಅದಕ್ಕಿಂತ ಹೆಚ್ಚಾಗಿ ಅದನ್ನು ಬಳಸಿದ ಕ್ರಮದ ಬಗ್ಗೆ.

ಜಿಂಕ್ ಫಾಸ್ಫೇಟಿನಂತಹ ಹಳೆಯ ಸಿಮೆಂಟು ನಿಜಾರ್ಥದಲ್ಲಿ ಅಂಟಲ್ಲ. ಅದು ಹಲ್ಲಿಗೂ ಕ್ಯಾಪಿಗೂ ನಡುವಿನ ಸಂದನ್ನು ತುಂಬಿ ಜಾರದಂತೆ ತಡೆಯುತ್ತದೆ, ಅಷ್ಟೆ. ಗ್ಲಾಸ್ ಅಯನೋಮರ್ ಎಂಬ ಇನ್ನೊಂದು ಬಗೆಯ ಸಿಮೆಂಟು ಹಲ್ಲಿನ ಕ್ಯಾಲ್ಸಿಯಮ್ಮಿಗೆ ತಕ್ಕಮಟ್ಟಿಗೆ ಅಂಟುತ್ತದೆಯಾದರೂ ನನ್ನ ಕ್ಯಾಪಿನ ಜಿರ್ಕೋನಿಯಾದಂತಹ ನುಣ್ಣನೆಯ ಗಟ್ಟಿ ಪದಾರ್ಥದ ಮೇಲೆ ಅದರ ಹಿಡಿತ ಕಡಿಮೆ. ಅರೆದು ಉಳಿಸಿದ ಹಲ್ಲಿನ ಮೋಟು ಎತ್ತರವಾಗಿದ್ದು ಅದರ ಗೋಡೆಗಳು ನೇರವಾಗಿದ್ದರೆ ಇಷ್ಟೇ ಸಾಕು, ಕ್ಯಾಪು ವರ್ಷಗಟ್ಟಲೆ ನಿಲ್ಲುತ್ತದೆ. ನನ್ನ ಮೋಟು ಗಿಡ್ಡವಾಗಿತ್ತು, ಮೇಲಾಗಿ ಗೋಪುರದಂತೆ ಮೇಲಕ್ಕೆ ಕಿರಿದಾಗಿತ್ತು. ಇಂತಹ ಕಡೆ ಆಕಾರ ಮಾಡದ ಕೆಲಸವನ್ನು ಅಂಟೇ ಮಾಡಬೇಕಾಗುತ್ತದೆ.

ಹಲ್ಲಿಗೆ ರಾಳವನ್ನು ಅಂಟಿಸುವ ವಿದ್ಯೆ 1955ರಷ್ಟು ಹಳೆಯದು. ಅಮೆರಿಕದ ಮೈಕೆಲ್ ಬ್ಯುವೊನೊಕೋರ್, ಬಣ್ಣ ಬಳಿಯುವ ಮುನ್ನ ಲೋಹಕ್ಕೆ ಆಮ್ಲ ಹಚ್ಚುವ ಕೈಗಾರಿಕೆಯ ರೂಢಿಯನ್ನು ನೋಡಿ, ಹಲ್ಲಿನ ಹೊರಪದರವಾದ ಎನಾಮೆಲ್ಲಿಗೂ ಫಾಸ್ಫಾರಿಕ್ ಆಮ್ಲ ಹಚ್ಚಿ ಪರೀಕ್ಷಿಸಿದರು. ಅವರು ಬಳಸಿದ್ದು ಶೇ. 85ರ ಆಮ್ಲ, ಇಂದು ಶೇ. 37ರ ಆಸುಪಾಸಿನ ಜೆಲ್ಲನ್ನು 15ರಿಂದ 30 ಸೆಕೆಂಡು ಇಟ್ಟು ತೊಳೆಯುತ್ತಾರೆ. ಆಮ್ಲ ತಿಂದ ಸಣ್ಣ ಸಣ್ಣ ಕುಳಿಗಳೊಳಗೆ ತೆಳು ರಾಳ ಇಳಿದು ಗಟ್ಟಿಯಾಗಿ ಬೇರಿನಂತೆ ಹಿಡಿಯುತ್ತದೆ. ಎನಾಮೆಲ್ಲಿನ ತೂಕದಲ್ಲಿ ಶೇ. 96ರಷ್ಟು ಖನಿಜವೇ ಇರುವುದರಿಂದ ಅಲ್ಲಿ ಈ ಹಿಡಿತ ಬಹಳ ನಂಬಿಗಸ್ತ. ತೊಡಕು ಇರುವುದು ಒಳಗಿನ ಡೆಂಟಿನ್ನಿನಲ್ಲಿ. ಅದರಲ್ಲಿ ನೀರೂ ಕೊಲಾಜೆನ್ ಎಂಬ ನಾರೂ ಸಾಕಷ್ಟಿವೆ. ಆಮ್ಲ ತೊಳೆದ ಮೇಲೆ ಗಾಳಿ ಊದಿ ತೀರ ಒಣಗಿಸಿದರೆ ನಾರುಗಳು ಒಂದರ ಮೇಲೊಂದು ಕುಸಿದು ರಾಳಕ್ಕೆ ದಾರಿ ಮುಚ್ಚುತ್ತವೆ; ನೀರು ಹೆಚ್ಚಾಗಿ ಉಳಿದರೂ ಅಂಟು ದುರ್ಬಲ. ರಾಳವೂ ನಾರೂ ಹೆಣೆದುಕೊಂಡ ಪದರವನ್ನು ಜಪಾನಿನ ನಕಬಯಾಶಿ 1982ರಲ್ಲಿ ವಿವರಿಸಿದರು. ವರ್ಷಗಳು ಕಳೆದಂತೆ ನೀರಿನಿಂದಲೂ ಹಲ್ಲಿನ ಕಿಣ್ವಗಳಿಂದಲೂ ಆ ಪದರವೇ ಮೊದಲು ಸವೆಯುತ್ತದೆ. ಆದ್ದರಿಂದ ಕ್ಯಾಪಿನ ಅಂಚು ಸುತ್ತಲೂ ಎನಾಮೆಲ್ಲಿನ ಮೇಲೆ ಕೂತಿದ್ದರೆ ಅದೃಷ್ಟ. ನನ್ನದು ಒಂದು ಬದಿಯಲ್ಲಿ ಮಾತ್ರ ಹಾಗಿದೆ.

ಕ್ಯಾಪನ್ನು ಸಿದ್ಧಪಡಿಸಿದ ಬಗೆ ನನಗೆ ಅತ್ಯಂತ ಮೆಚ್ಚುಗೆಯಾಯಿತು. ಜಿರ್ಕೋನಿಯಾದಲ್ಲಿ ಗಾಜಿನಂಶ ಇಲ್ಲದ ಕಾರಣ ಪಿಂಗಾಣಿಯನ್ನು ಕೊರೆಯುವ ಹೈಡ್ರೋಫ್ಲೋರಿಕ್ ಆಮ್ಲ ಅದರ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ವೈದ್ಯರು ಮೊದಲು ಕ್ಯಾಪನ್ನು ಬಾಯಲ್ಲಿಟ್ಟು ಅಳತೆ ನೋಡಿ, ಹೊರತೆಗೆದು, ಒಳಮೈಗೆ ನವಿರಾದ ಅಲ್ಯೂಮಿನಾ ಪುಡಿಯನ್ನು ಗಾಳಿಯ ಒತ್ತಡದಿಂದ ಸಿಡಿಸಿ ತರಿಮಾಡಿ, ಆಮೇಲೆ ಎಂಡಿಪಿ ಎಂಬ ಅಣುವಿರುವ ಪ್ರೈಮರ್ ಎಂಬ ಮೊದಲ ಲೇಪ ಹಚ್ಚಿದರು. ಈ ಅಣುವಿನ ಒಂದು ತುದಿಯ ಫಾಸ್ಫೇಟ್ ಗುಂಪು ಜಿರ್ಕೋನಿಯಾವನ್ನು ಹಿಡಿದರೆ, ಇನ್ನೊಂದು ತುದಿ ರಾಳದೊಂದಿಗೆ ಬೆಸೆಯುತ್ತದೆ. ಲಾಲಾರಸದಲ್ಲಿಯೂ ಫಾಸ್ಫೇಟ್ ಇರುವುದರಿಂದ, ಅಳತೆ ನೋಡಿದ ಕ್ಯಾಪನ್ನು ಬರೀ ನೀರಿನಲ್ಲಿ ತೊಳೆದು ಕೂಡಿಸಿದರೆ ಎಂಡಿಪಿ ಕೂಡಬೇಕಾದ ಜಾಗದಲ್ಲಿ ಉಗುಳಿನ ಫಾಸ್ಫೇಟ್ ಮೊದಲೇ ಕೂತಿರುತ್ತದೆ. ಫಾಸ್ಫಾರಿಕ್ ಆಮ್ಲದಿಂದ ತೊಳೆದರೂ ಅದೇ ಗತಿ. ಇದನ್ನು ಕೇಳಿದಾಗ ಮೊದಲಿನ ಐದು ನಿಮಿಷದ ಕೆಲಸ ಏಕೆ ನಿಲ್ಲಲಿಲ್ಲವೆಂಬುದು ನನಗೆ ಚೆನ್ನಾಗಿ ಅರ್ಥವಾಯಿತು.

ಬಾಯಿಗೆ ರಬ್ಬರ್ ಡ್ಯಾಮ್ ಎಂಬ ಹಾಳೆ ಬಿಗಿದು ಹಲ್ಲೊಂದನ್ನೇ ಹೊರಗೆ ಬಿಟ್ಟಿದ್ದರು. ದವಡೆ ನೋಯುತ್ತದೆ, ಉಗುಳು ನುಂಗಲು ಕಷ್ಟ, ಆದರೆ ಇದನ್ನು ಬೇಡವೆನ್ನಬಾರದು. ದಪ್ಪ ಜಿರ್ಕೋನಿಯಾದ ಮೂಲಕ ರಾಳವನ್ನು ಗಟ್ಟಿಮಾಡುವ ನೀಲಿ ಬೆಳಕು ಪೂರ್ತಿ ಇಳಿಯದ ಕಾರಣ, ಬೆಳಕಿನಿಂದಲೂ ತಾನಾಗಿಯೂ ಗಟ್ಟಿಯಾಗುವ ಡ್ಯುಯಲ್ ಕ್ಯೂರ್ ಸಿಮೆಂಟನ್ನು ಆರಿಸಿದ್ದರು. ಹಿಂದಿನ ವಾರವೇ ಅವರು ಹಲ್ಲುನೋವಿಗೆ ಮನೆಯಲ್ಲಿ ಲವಂಗದ ಎಣ್ಣೆ ಹಚ್ಚಬೇಡಿರೆಂದು ಎಚ್ಚರಿಸಿದ್ದರು. ಅದರಲ್ಲಿರುವ ಯೂಜಿನಾಲ್ ರೆಸಿನ್ ಗಟ್ಟಿಯಾಗದಂತೆ ತಡೆಯುತ್ತದಂತೆ. ನಮ್ಮ ಕಡೆ ಲವಂಗದ ಎಣ್ಣೆಯ ಶೀಶೆ ಇಲ್ಲದ ಮನೆಯೇ ಅಪರೂಪವಾದ್ದರಿಂದ ಈ ಮಾತನ್ನು ಒತ್ತಿ ಬರೆಯುತ್ತಿದ್ದೇನೆ. ಒಟ್ಟು ಒಂದು ತಾಸು ಹಿಡಿಯಿತು. ಮೂರು ವರ್ಷವಾಯಿತು, ಕ್ಯಾಪು ಅಲುಗಿಲ್ಲ.

ಎರಡನೆಯದು ನನ್ನ ಮನೆಯವರ ಮುಂದಿನ ಹಲ್ಲು. ಅವರು ಹುನಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದವರು. ಫ್ಲೋರೈಡಿನಿಂದ ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದವು. ಅದಕ್ಕೆ ಲಿಥಿಯಮ್ ಡೈಸಿಲಿಕೇಟ್ ಎಂಬ ಪಿಂಗಾಣಿಯ ವೆನೀರ್, ಅಂದರೆ ಹಲ್ಲಿನ ಮುಂಬದಿಯನ್ನು ಮುಚ್ಚುವ ತೆಳುವಾದ ಹೊದಿಕೆ ಅಂಟಿಸಿದರು. ಫ್ಲೋರೋಸಿಸ್ ಇರುವ ಎನಾಮೆಲ್ಲಿನ ಹೊರಪದರು ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ವೈದ್ಯರು ಅದನ್ನು ತುಸು ಉಜ್ಜಿ ತೆಗೆದು, ಆಮ್ಲವನ್ನು ಮಾಮೂಲಿಗಿಂತ ಹೆಚ್ಚು ಹೊತ್ತು ಇಟ್ಟರು. ಈ ಪಿಂಗಾಣಿಯಲ್ಲಿ ಗಾಜಿನಂಶ ಇರುವುದರಿಂದ ಬಾಯಿಯ ಹೊರಗೇ ಅದಕ್ಕೆ ಹೈಡ್ರೋಫ್ಲೋರಿಕ್ ಆಮ್ಲ ಹಾಗೂ ಪಿಂಗಾಣಿಯನ್ನು ರಾಳದೊಂದಿಗೆ ಬೆಸೆಯುವ ಸಿಲೇನ್ ಹಚ್ಚಿ ಸಿದ್ಧಪಡಿಸಿದ್ದರು. ಸಿಮೆಂಟು ಬರೀ ಬೆಳಕಿನಿಂದ ಗಟ್ಟಿಯಾಗುವಂಥದ್ದು. ಡ್ಯುಯಲ್ ಕ್ಯೂರ್ ಸಿಮೆಂಟುಗಳಲ್ಲಿರುವ ಅಮೀನ್ ಎಂಬ ರಾಸಾಯನಿಕ ಕಾಲಾಂತರದಲ್ಲಿ ಹಳದಿಗೆ ತಿರುಗಿ ತೆಳುವಾದ ವೆನೀರಿನಿಂದ ಹೊರಗೆ ಕಾಣಬಹುದಂತೆ. ಒಂದೂವರೆ ವರ್ಷದಲ್ಲಿ ಬಣ್ಣ ಮಾಸಿಲ್ಲ.

ದೂರುಗಳೂ ಇವೆ. ನನ್ನ ಕ್ಯಾಪಿನ ಹಿಂಬದಿಯಲ್ಲಿ ಹೆಚ್ಚಾದ ಸಿಮೆಂಟಿನ ಚೂರೊಂದು ವಸಡಿನ ಕೆಳಗೆ ಉಳಿದು ಹತ್ತು ದಿನ ಬಾವು ತಂದಿತು. ಗ್ಲಾಸ್ ಅಯನೋಮರಿನ ಹೆಚ್ಚುವರಿಯಾದರೆ ಪುಡಿಯಾಗಿ ಉದುರುತ್ತದೆ. ರೆಸಿನ್ ಹಾಗಲ್ಲ, ಅದನ್ನು ಕೆರೆದು ತೆಗೆಯಲು ವೈದ್ಯರು ಅರ್ಧ ತಾಸು ಹೆಣಗಿದರು. ಪೂರ್ತಿ ಗಟ್ಟಿಯಾಗುವ ಮುನ್ನ, ಎರಡು ಮೂರು ಸೆಕೆಂಡು ಮಾತ್ರ ಬೆಳಕು ಕೊಟ್ಟು ಎಬ್ಬಿಸಿ ತೆಗೆಯಬೇಕಿತ್ತೆಂದು ಅವರೇ ಒಪ್ಪಿಕೊಂಡು ಹಣ ಕೇಳಲಿಲ್ಲ. ಖರ್ಚು ಸಾದಾ ಸಿಮೆಂಟಿಗಿಂತ ಎರಡು ಸಾವಿರ ರೂಪಾಯಿ ಹೆಚ್ಚಾಯಿತು. ಮುಂದೆ ಎಂದಾದರೂ ಒಳಗೆ ಹುಳುಕಾದರೆ ಈ ಕ್ಯಾಪನ್ನು ಇಡಿಯಾಗಿ ತೆಗೆಯುವುದು ಬಹುಮಟ್ಟಿಗೆ ಆಗದ ಮಾತು, ಕತ್ತರಿಸಿಯೇ ತೆಗೆಯಬೇಕು.

ಎಲ್ಲರಿಗೂ ಇದೇ ಬೇಕೆಂದು ನಾನು ಹೇಳುವುದಿಲ್ಲ. ನನ್ನ ಬಲಬದಿಯ ಹಲ್ಲಿಗೆ ಲೋಹದ ಕ್ಯಾಪು ಹಾಕಿಸುವಾಗ, ಮೋಟು ಎತ್ತರವಾಗಿದೆ, ಅಂಚು ವಸಡಿನೊಳಗೆ ಇಳಿದಿರುವುದರಿಂದ ಒಣಗಿಸಿ ಇಡುವುದೂ ಕಷ್ಟ ಎಂದು ಅದೇ ವೈದ್ಯರು ಗ್ಲಾಸ್ ಅಯನೋಮರನ್ನೇ ಬಳಸಿದರು. ಅದೂ ಗಟ್ಟಿಯಾಗಿಯೇ ಇದೆ. ಆದರೆ ಗಿಡ್ಡ ಮೋಟಿನ ಮೇಲೆ ಜಿರ್ಕೋನಿಯಾ ಕೂಡಿಸುತ್ತೇವೆನ್ನುವವರನ್ನು, ಕ್ಯಾಪಿನ ಒಳಮೈಗೆ ಏನು ಮಾಡುತ್ತೀರಿ, ಹಲ್ಲನ್ನು ಹೇಗೆ ಒಣಗಿಸಿ ಇಡುತ್ತೀರಿ ಎಂದು ಕೇಳಿಯೇ ಕುರ್ಚಿಯಲ್ಲಿ ಕೂಡಿರಿ. ಸಿಮೆಂಟಿನ ಹೆಸರನ್ನೂ ಕೂಡಿಸಿದ ತಾರೀಖನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಿರಿ. ನನ್ನ ಮೊದಲ ದವಾಖಾನೆಯ ಚೀಟಿಯಲ್ಲಿ ‘ಕ್ಯಾಪ್ ಫಿಕ್ಸ್’ ಎಂಬ ಎರಡೇ ಶಬ್ದ ಇದ್ದವು.