ಕಾಲುಸಂಕದ ನಡುವೆ ಆರಿದ ಒಂದು ಲಕ್ಷ ಲ್ಯುಮೆನ್

ಡಬ್ಬಿಯ ಮೇಲೆ ಒಂದು ಲಕ್ಷ ಲ್ಯುಮೆನ್ (ಲ್ಯುಮೆನ್ ಎಂದರೆ ಬೆಳಕಿನ ಅಳತೆ) ಎಂದು ಬರೆದಿದ್ದ ಟಾರ್ಚನ್ನು 350 ರೂಪಾಯಿ ಕೊಟ್ಟು ತಂದವನು ನಾನು. ಅಂಥದ್ದೇ ಟಾರ್ಚು ನಿಮ್ಮ ಮನೆಯಲ್ಲೂ ಇದ್ದರೆ, ಮುಂದೆ ಓದುವ ಮೊದಲು ಅದು ಚಾರ್ಜಿಗೆ ಇದೆಯೇ ನೋಡಿ. ಇದ್ದರೆ ತೆಗೆದಿಡಿ. ಯಾಕೆಂಬುದನ್ನು ಆಮೇಲೆ ಹೇಳುತ್ತೇನೆ.

ತಂದದ್ದು ಶಿರಸಿ ಜಾತ್ರೆಯಲ್ಲಿ. ಮಾರಿಕಾಂಬೆಯ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಜಾತ್ರೆಪೇಟೆಗೆ ಹೋಗಿ ಬರಿಗೈಯಲ್ಲಿ ಮನೆಗೆ ಬರುವುದು ನಮ್ಮ ಕಡೆಯವರಿಗೆ ಆಗದ ಮಾತು. ಬಿಡಕಿಬೈಲಿನಲ್ಲಿ ದೇವಿಯ ದರ್ಶನ ಮುಗಿಸಿ, ಬಳೆ ಅಂಗಡಿಯ ಮುಂದೆ ಮನೆಯವರನ್ನು ಕಾಯುತ್ತ ನಿಂತಿದ್ದೆ. ಪಕ್ಕದಲ್ಲೊಬ್ಬ ಟಾರ್ಚು ಮಾರುತ್ತಿದ್ದ. ಅಂಗೈ ಉದ್ದದ ಕಪ್ಪು ಟಾರ್ಚು. ಮೂತಿಯನ್ನು ಒಳಗೆ ದೂಡಿದರೆ ಬೆಳಕು ಹರಡುತ್ತದೆ, ಹೊರಗೆ ಎಳೆದರೆ ಒಂದೆಡೆ ಕೂಡುತ್ತದೆ. ಅವನು ಮೂತಿಯನ್ನು ಪೂರ್ತಿ ಎಳೆದು, ದೂರದ ತೆಂಗಿನ ಮರದ ತುದಿಗೆ ಬೆಳಕು ಬಿಟ್ಟ. ಗರಿಗಳ ನಡುವೆ ಚೌಕಾಕಾರದ ಬಿಳಿ ತುಂಡೊಂದು ಹೋಗಿ ಕುಳಿತಿತು. ನಿಂತವರೆಲ್ಲ ತಲೆ ಎತ್ತಿದರು, ನಾನೂ ಎತ್ತಿದೆ. ತೆಂಗಿನ ಮರದ ತುದಿಯಲ್ಲಿ ನನಗೇನು ಕೆಲಸ ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಅದು ಚೆನ್ನಾಗಿಯೇ ಇತ್ತು. ಅಂಗಳದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಚ್ಚಲಿಗೆ. ಅಷ್ಟು ಓಡಾಟಕ್ಕೆ ಮಿಂಚುಹುಳವೂ ಸಾಕು. ಹೊಳೆಯಾಚೆಯ ಮನೆಯ ಭಾವನಿಗೆ ಮರುದಿನವೇ ತೋರಿಸಿ ಜಂಬ ಕೊಚ್ಚಿದ್ದೆ. ‘ಇಷ್ಟು ಕಡಿಮೆಗೆ ಇಂಥ ಬೆಳಕು ಎಲ್ಲಿ ಸಿಗುತ್ತದೆ ಹೇಳಿ’ ಎಂದಿದ್ದೆ. ‘ಹೌದಲ್ಲ ಮಾರಾಯರೇ’ ಎಂದು ಅವರೂ ಮೂತಿ ಎಳೆದು ನೋಡಿದ್ದರು.

ಆಷಾಢದ ಒಂದು ರಾತ್ರಿ, ಕರೆಂಟು ಹೋಗಿ ಮೂರನೆಯ ದಿನ, ಅದೇ ಭಾವನ ಫೋನು ಬಂತು. ಚೊಚ್ಚಲ ಕರು ಹಾಕುವ ದನ, ಸಂಜೆಯಿಂದ ಒದ್ದಾಡುತ್ತಿದೆ, ಒಂದು ಸಲ ಬರುತ್ತೀರಾ ಎಂದರು. ಕಂಬಳಿಕೊಪ್ಪೆ ಹಾಕಿಕೊಂಡು, ಮೊಬೈಲು ನೆನೆಯುತ್ತದೆ ಎಂದು ಮನೆಯಲ್ಲೇ ಇಟ್ಟು, ಟಾರ್ಚು ಹಿಡಿದು ಹೊರಟೆ. ತೋಟ ದಾಟಿದರೆ ಹೊಳೆ. ಹೊಳೆಗೆ ಅಡ್ಡವಾಗಿ ಮೂರು ಅಡಿಕೆ ಮರ ಜೋಡಿಸಿದ ಕಾಲುಸಂಕ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ.

ಮಳೆಯಲ್ಲಿ ಆ ಟಾರ್ಚಿನ ನಿಜವಾದ ಮುಖ ಕಂಡಿತು. ಬೆಳಕು ಮುಂದೆ ಹೋಗುವ ಬದಲು ಹನಿಗಳ ಮೇಲೆ ಬಿದ್ದು ಅಲ್ಲೇ ನಿಂತಿತು. ಎದುರಿಗೆ ಬಿಳಿ ಪಂಚೆ ಒಣಗಹಾಕಿದ ಹಾಗೆ. ಪಂಚೆಯ ಆಚೆ ಏನಿದೆ ಕಾಣದು, ಕಾಲ ಕೆಳಗೆ ಏನಿದೆ ಅದೂ ಕಾಣದು. ಆದರೂ ಸಂಕ ಹತ್ತಿದೆ. ನಡುವೆ ಬಂದಾಗ ಕಾಲು ಸ್ವಲ್ಪ ಜಾರಿತು, ಟಾರ್ಚು ಬಿದಿರಿಗೆ ಟಕ್ ಎಂದು ತಾಗಿತು. ಅಷ್ಟೇ. ಬೆಳಕು ಪಕಪಕನೆ ಹೊಡೆದುಕೊಳ್ಳತೊಡಗಿತು. ಕೆಳಗೆ ಕೆಂಪು ನೀರು, ಕಾಣುತ್ತದೆ, ಕಾಣುವುದಿಲ್ಲ, ಕಾಣುತ್ತದೆ, ಕಾಣುವುದಿಲ್ಲ. ಗುಂಡಿ ಒತ್ತಿದೆ, ಮೂರು ಸಲ ಗಿಡ್ಡ, ಮೂರು ಸಲ ಉದ್ದ, ಮತ್ತೆ ಮೂರು ಸಲ ಗಿಡ್ಡ ಎಂದು ಮಿಂಚಿತು. ಹಡಗು ಮುಳುಗುವಾಗ ಕೊಡುವ ಸಂಕೇತವಂತೆ ಅದು, ಆ ಹೊತ್ತಿಗೆ ತಕ್ಕುದಾಗಿಯೇ ಇತ್ತು. ಇನ್ನೊಮ್ಮೆ ಒತ್ತಿದೆ. ಪೂರ್ತಿ ಆರಿಹೋಯಿತು.

ಉಳಿದ ಅರ್ಧ ಸಂಕವನ್ನು ನಾನು ಕುದುರೆ ಏರಿದವನಂತೆ ಎರಡು ಕಡೆಗೂ ಕಾಲು ಇಳಿಬಿಟ್ಟು, ಕುಳಿತುಕೊಂಡೇ ಗೇಣು ಗೇಣು ಸರಿದು ದಾಟಿದೆ. ಮೊಣಕಾಲಿನ ಕೆಳಗೆ ಚರ್ಮ ಸುಲಿಯಿತು. ಉಂಬಳಗಳು ಎಷ್ಟು ಹತ್ತಿದ್ದವು ಎಂಬ ಲೆಕ್ಕ ಬೇರೆ. ಆಚೆ ದಡಕ್ಕೆ ಭಾವನ ಆಯಿ ಲಾಟೀನು ಹಿಡಿದು ಬಂದಿದ್ದರು. ಸೀಮೆಎಣ್ಣೆಯ ಲಾಟೀನು! ಕರು ಆಗಲೇ ಹುಟ್ಟಿ ತಾಯಿ ನೆಕ್ಕುತ್ತಿತ್ತು.

ಮರುದಿನ ಬೆಳಗಿನಲ್ಲಿ ಟಾರ್ಚನ್ನು ಬಿಚ್ಚಿ ನೋಡಿದೆ. ಗಾಜಿನ ಒಳಗೆ ನೀರಿನ ಹನಿಗಳು ಸಾಲಾಗಿ ಕುಳಿತಿದ್ದವು. ಮೂತಿ ಜಾರುವ ಟಾರ್ಚಿಗೆ ಇದು ಹುಟ್ಟುಗುಣ. ಮೂತಿಯನ್ನು ಎಳೆದಾಗಲೆಲ್ಲ ಅದು ಪಿಚಕಾರಿಯಂತೆ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ, ಗಾಳಿಯ ಜೊತೆಗೆ ತೇವವನ್ನೂ. ಅಲ್ಲಿ ಬಿಗಿಯಾದ ರಬ್ಬರ್ ಬಳೆ ಕೂರಿಸಿದರೆ ಮೂತಿ ಸಲೀಸಾಗಿ ಜಾರದು, ಸಲೀಸಾಗಿ ಜಾರುವಂತೆ ಮಾಡಿದರೆ ನೀರು ನಿಲ್ಲದು. ಅಗ್ಗದ ಟಾರ್ಚಿನವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಜಾತ್ರೆಯಲ್ಲಿ ಮಳೆ ಇರುವುದಿಲ್ಲ. ಇನ್ನು ಪಕಪಕ ಎಂದದ್ದಕ್ಕೆ ಕಾರಣ, ಒಳಗೆ ಸೆಲ್ಲನ್ನು ಹಿಡಿಯಲು ಹಾಕಿದ್ದ ಬಿಳಿ ಪ್ಲಾಸ್ಟಿಕ್ ಕೊಳವೆ. ಅದೇ ಟಾರ್ಚಿಗೆ ಮೂರು ಸಣ್ಣ ಸೆಲ್ಲೂ ಹಾಕಬಹುದು, ಒಂದು ಲಿಥಿಯಂ ಸೆಲ್ಲೂ ಹಾಕಬಹುದು ಎಂದು ಮಾಡಿದ ವ್ಯವಸ್ಥೆ ಅದು. ಅಲ್ಲಾಡಿಸಿದರೆ ಸೆಲ್ಲು ಲೊಟಲೊಟ ಎನ್ನುತ್ತಿತ್ತು. ಪೆಟ್ಟು ಬಿದ್ದಾಗ ಒಂದು ಕ್ಷಣ ಸಂಪರ್ಕ ತಪ್ಪುತ್ತದೆ, ಗುಂಡಿ ಒತ್ತಿದರು ಎಂದು ಭಾವಿಸಿ ಟಾರ್ಚು ಮುಂದಿನ ಬಗೆಯ ಬೆಳಕಿಗೆ ಹೋಗುತ್ತದೆ. ಮಿನುಗುವ ಬೆಳಕನ್ನು ಮಾಮೂಲಿ ಸರದಿಯಲ್ಲೇ ಇಟ್ಟಿರುವ ಟಾರ್ಚನ್ನು ನಾನಂತೂ ಇನ್ನು ಮನೆಯೊಳಗೆ ಸೇರಿಸುವುದಿಲ್ಲ.

ಸೆಲ್ಲಿನ ಕಥೆ ಇದಕ್ಕಿಂತ ಕೆಟ್ಟದ್ದು. ಅದು 18650 ಎಂಬ ಅಳತೆಯದು: 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ. ಮೇಲೆ 9900 ಎಂಎಎಚ್ ಎಂದು ಅಚ್ಚಾಗಿತ್ತು. ಸೆಲ್ಲು ಎಷ್ಟು ಚಾರ್ಜು ಹಿಡಿಯುತ್ತದೆ ಎಂಬುದರ ಅಳತೆ ಅದು. ಈ ಅಳತೆಯ ಒಳ್ಳೆಯ ಸೆಲ್ಲುಗಳಲ್ಲಿ ಸಿಗುವುದೇ 2500ರಿಂದ 3500 ಎಂಎಎಚ್. ಹೆಸರುವಾಸಿ ಕಂಪನಿಗಳಿಂದಲೂ 9900 ಆಗದು. ಪರೀಕ್ಷೆಗೆ ಯಂತ್ರ ಬೇಕಿಲ್ಲ, ತಕ್ಕಡಿ ಸಾಕು. ನಿಜವಾದ 18650 ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ಶಿರಸಿಗೆ ಹೋದಾಗ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ನನ್ನದನ್ನು ಇಟ್ಟೆ. 29 ಗ್ರಾಂ. ‘ಇದರಲ್ಲಿ ತೇಮಾನು ಜಾಸ್ತಿ’ ಎಂದು ಅವರು ನಕ್ಕರು.

ಇಂಥ ಖೋಟಾ ಸೆಲ್ಲುಗಳ ಒಳಗೆ ಚಿಕ್ಕ ಸೆಲ್ಲೊಂದನ್ನು ಅಡಗಿಸಿ, ಸುತ್ತ ಮರಳೋ ಪುಡಿಯೋ ತುಂಬಿರುವುದು ಉಂಟು. ತಂಗಿಯ ಮಗ ಅಡಿಕೆ ಸುಲಿಯುವ ಮೆಟ್ಟುಗತ್ತಿ ತಂದು, ‘ಮಾವ, ಕೊಯ್ದು ನೋಡೋಣ’ ಎಂದು ಕುಳಿತಿದ್ದ. ಕೈಯಿಂದ ಕಸಿದುಕೊಂಡೆ. ಲಿಥಿಯಂ ಸೆಲ್ಲಿನ ಒಳಗೆ ಧನ, ಋಣ ಪದರಗಳು ಒಂದಕ್ಕೊಂದು ತಾಗಿದರೆ ಹೊಗೆ ಬೆಂಕಿ ಎರಡೂ ಏಳುತ್ತವೆ. ಹಾಗೆಯೇ ಹಾಳಾದ ಸೆಲ್ಲನ್ನು ದಯವಿಟ್ಟು ಬಚ್ಚಲ ಒಲೆಗೆ ಹಾಕಬೇಡಿ. ನಮ್ಮಲ್ಲಿ ಮನೆಯ ಕಸವೆಲ್ಲ ಕೊನೆಗೆ ಹೋಗುವುದು ಅಲ್ಲಿಗೇ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಚಾರ್ಜಿನ ವಿಷಯಕ್ಕೆ ಬರುತ್ತೇನೆ. ಲಿಥಿಯಂ ಸೆಲ್ಲು 4.2 ವೋಲ್ಟಿಗೆ ತುಂಬಿದಾಗ ಚಾರ್ಜರು ತಾನಾಗಿ ನಿಲ್ಲಿಸಬೇಕು. ನನಗೆ ಟಾರ್ಚಿನ ಜೊತೆ ಕೊಟ್ಟ ಗರಿ ಹಗುರದ ಚಾರ್ಜರಿನಲ್ಲಿ ಆ ಏರ್ಪಾಡು ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಸೆಲ್ಲಂತೂ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಹೊಸದಲ್ಲವೇ, ಹಾಗೇ ಇರುತ್ತದೆ ಎಂದು ಎರಡು ತಿಂಗಳು ಅದನ್ನು ರಾತ್ರಿಯಿಡೀ ಮರದ ಕಪಾಟಿನ ಮೇಲೆ ಚಾರ್ಜಿಗೆ ಇಟ್ಟು ಮಲಗಿದ್ದೇನೆ. ಸಂಕಕ್ಕಿಂತ ಈಗ ಹೆದರಿಕೆ ಹುಟ್ಟಿಸುವುದು ಆ ಕಪಾಟು.

ಒಂದು ಲಕ್ಷ ಲ್ಯುಮೆನ್ನಿನ ಲೆಕ್ಕವನ್ನೂ ಮಾಡಿಬಿಡೋಣ. ಮನೆಯಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಡುವುದು ಹೆಚ್ಚುಕಡಿಮೆ 900 ಲ್ಯುಮೆನ್. ಒಂದು ಲಕ್ಷ ಎಂದರೆ ಅಂಥ ನೂರಕ್ಕೂ ಹೆಚ್ಚು ಬಲ್ಬು, ಒಂದು ಮದುವೆ ಚಪ್ಪರದ ಬೆಳಕು, ಬೆರಳುದ್ದದ ಸೆಲ್ಲಿನಿಂದ! 3000 ಎಂಎಎಚ್‌ನ ಪ್ರಾಮಾಣಿಕ ಸೆಲ್ಲಿನಲ್ಲಿ ಇರುವ ಶಕ್ತಿ 11 ವ್ಯಾಟ್-ಗಂಟೆ. ಒಂದು ವ್ಯಾಟಿಗೆ 100 ಲ್ಯುಮೆನ್ ಎಂದು ಹಿಡಿದರೆ 1000 ಲ್ಯುಮೆನ್ ಬೆಳಕು ಒಂದು ಗಂಟೆ ಬರಬೇಕು, 100 ಲ್ಯುಮೆನ್ ಬೆಳಕು ಹತ್ತು ಹನ್ನೊಂದು ಗಂಟೆ. ಇದಕ್ಕಿಂತ ಬಹಳ ಹೆಚ್ಚು ಹೇಳುವವನು ಸುಳ್ಳು ಹೇಳುತ್ತಿದ್ದಾನೆ. ಸಾವಿರ ಲ್ಯುಮೆನ್ನಿನ ಪುಟ್ಟ ಟಾರ್ಚು ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ, ಅದು ದೋಷವಲ್ಲ. ತೋಟದಲ್ಲಿ ನಡೆಯಲು 100ರಿಂದ 150 ಲ್ಯುಮೆನ್ ಧಾರಾಳ. ಹಾಗಾಗಿ ಡಬ್ಬಿಯಲ್ಲಿ ದೊಡ್ಡ ಸಂಖ್ಯೆಯನ್ನು ಬಿಟ್ಟು, ನಡುವಣ ಬೆಳಕು ಎಷ್ಟು ಗಂಟೆ ಎಂಬುದನ್ನು ಹುಡುಕಿ. ಅದನ್ನು ಬರೆಯದ ಟಾರ್ಚನ್ನು ವಾಪಸು ಇಡಿ.

ಟಾರ್ಚುಗಳನ್ನು ಅಳೆಯಲು ಆನ್ಸಿ ಎಫ್‌ಎಲ್1 ಎಂಬ ಅಮೆರಿಕದ ಮಾನದಂಡ 2009ರಿಂದ ಇದೆ. ಒಳ್ಳೆಯ ತಯಾರಕರು ಅದರ ಪ್ರಕಾರ ಅಂಕಿ ಹಾಕುತ್ತಾರೆ. ಅದರಲ್ಲೂ ಎರಡು ಸೂಕ್ಷ್ಮಗಳಿವೆ. ‘ಇಷ್ಟು ಗಂಟೆ’ ಎಂದರೆ ಬೆಳಕು ಮೊದಲಿನ ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗಿನ ಸಮಯ. ‘300 ಮೀಟರ್’ ಎಂದರೆ ಅಷ್ಟು ದೂರದಲ್ಲಿ ಬೀಳುವುದು ಕಾಲು ಲಕ್ಸ್, ಅಂದರೆ ಹುಣ್ಣಿಮೆಯ ಬೆಳದಿಂಗಳಿನಷ್ಟು ಬೆಳಕು. ಅಂಕಿಯನ್ನು ಓದುವಾಗ ಇಷ್ಟು ತಿಳಿದಿದ್ದರೆ ಮೋಸ ಅನಿಸುವುದಿಲ್ಲ.

ನಮ್ಮ ಮಳೆಗೆ ನೀರು ತಡೆಯುವ ಗುರುತು ಮುಖ್ಯ. ಐಪಿಎಕ್ಸ್4 ಎಂದಿದ್ದರೆ ಎರಚಲು ತಡೆಯುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಸೈ. ಘಟ್ಟದ ಮೇಲಿನವರೂ ಕರಾವಳಿಯವರೂ ಏಳಕ್ಕಿಂತ ಕಡಿಮೆಗೆ ಒಪ್ಪಬೇಡಿ ಎಂಬುದು ನನ್ನ ಹಟ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ, ಹಿಂಬದಿಯ ಸ್ಪ್ರಿಂಗನ್ನು ಆಗಾಗ ಒರೆಸಬೇಕು. ಬೆಳಕಿನ ಬಣ್ಣ ನೀಲಿ ಬೆರೆತ ಬಿಳಿ ಬೇಡ. 6500 ಕೆಲ್ವಿನ್ ಎಂದು ಬರೆದ ಬೆಳಕಿನಲ್ಲಿ ಒಣಗಿದ ಎಲೆ, ಅಡಿಕೆ ಹಾಳೆ, ಕೊಳಕುಮಂಡಲ ಎಲ್ಲವೂ ಒಂದೇ ಬೂದು. 4000ರಿಂದ 5000 ಕೆಲ್ವಿನ್ನಿನದರಲ್ಲಿ ಕಂದು ಕಂದಾಗಿಯೇ ಕಾಣುತ್ತದೆ. ಕೊಳಕುಮಂಡಲದ ವಿಷಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಭಾರತದಲ್ಲಿ ಮಾರುವ ಲಿಥಿಯಂ ಸೆಲ್ಲಿಗೆ ಐಎಸ್ 16046 ಎಂಬ ಮಾನದಂಡದ ಪ್ರಕಾರ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಗುರುತಿನ ಜೊತೆ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಡಬ್ಬಿಯ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕು ಎಂಬುದೂ ಕಾನೂನೇ. ನನ್ನ ಡಬ್ಬಿಯ ಮೇಲೆ ಒಬ್ಬ ಸೈನಿಕನ ಚಿತ್ರವಿತ್ತು, ವಿಳಾಸ ಇರಲಿಲ್ಲ. ಬಿಲ್ಲೂ ಇಲ್ಲದ್ದರಿಂದ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ಹೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ಈಗ ಬಳಸುತ್ತಿರುವುದು 1,250 ರೂಪಾಯಿಯದು. ಮೂತಿ ಅಲ್ಲಾಡದು, ಬೆಳಕು ಅಗಲ, ಸೆಲ್ಲು ಹೊರಗೆ ತೆಗೆಯಬಹುದು. ತೆಗೆದು ತೂಗಿಯೇ ತಂದೆ. ಮಿನುಗುವ ಬೆಳಕು ಬೇಕಾದರೆ ಗುಂಡಿಯನ್ನು ಎರಡು ಸಲ ಬೇಗ ಒತ್ತಬೇಕು, ತಾನಾಗಿ ಬರುವುದಿಲ್ಲ. ಅಷ್ಟು ದುಡ್ಡು ಬೇಡ ಎನ್ನುವವರು ಗಡಿಯಾರದ ಸೆಲ್ಲು ಹಾಕುವ, ಅಂದರೆ ಎಎ ಸೆಲ್ಲಿನ ಚಿಕ್ಕ ಟಾರ್ಚು ಕೊಳ್ಳಿ. ನಮ್ಮ ಆಯಿಗೆ ಅದನ್ನೇ ಕೊಡಿಸಿದ್ದೇನೆ. ಸೆಲ್ಲು ಊರಿನ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಚಾರ್ಜಿನ ರಗಳೆ ಇಲ್ಲ. ಬಳಸದೆ ಇಡುವಾಗ ಸೆಲ್ಲು ತೆಗೆದಿಡಬೇಕು, ಇಲ್ಲದಿದ್ದರೆ ಸೋರಿ ಒಳಗೆಲ್ಲ ಹರಳುಗಟ್ಟುತ್ತದೆ. ಗೋಡೆಗೆ ಚುಚ್ಚಿ ಚಾರ್ಜು ಮಾಡುವ ದೊಡ್ಡ ಪ್ಲಾಸ್ಟಿಕ್ ಟಾರ್ಚುಗಳ ಒಳಗೆ ಅನೇಕ ಸಲ ಸೀಸದ ಬ್ಯಾಟರಿ ಇರುತ್ತದೆ. ಖಾಲಿ ಮಾಡಿ ಮಳೆಗಾಲವಿಡೀ ಮರೆತರೆ ಅದು ಮತ್ತೆ ಏಳುವುದಿಲ್ಲ.

ಹೊಸ ಟಾರ್ಚು ಹಿಡಿದು ಭಾವನ ಮನೆಗೆ ಹೋದಾಗ ಹಳೆಯದರ ಜಾತಕವನ್ನೆಲ್ಲ ಬಿಚ್ಚಿಟ್ಟೆ. ಅವರು ಕವಳ ಜಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನನ್ನ ಮಾತು ಕೇಳಿ ಜಾತ್ರೆಯ ಕೊನೆಯ ದಿನ ಅವರೂ ಅದೇ ಅಂಗಡಿಯಿಂದ ಎರಡು ತಂದಿದ್ದರಂತೆ. ಒಂದು ಅಟ್ಟದ ಮೇಲಿತ್ತು. ಇನ್ನೊಂದು ಕಾರವಾರದ ಹಾಸ್ಟೆಲಿನಲ್ಲಿ, ಮಗಳ ಹತ್ತಿರ. ಕೂಡಲೇ ಫೋನು ಮಾಡಿದೆವು.

‘ಚಾರ್ಜಿಗೆ ಎಲ್ಲಿ ಇಡುತ್ತೀಯೆ ತಂಗೀ?’ ಎಂದು ಕೇಳಿದೆ.

‘ದಿಂಬಿನ ಪಕ್ಕದಲ್ಲಿ, ಮಾವ’ ಎಂದಳು.

ಮರುದಿನ ಕಾಲೇಜಿನ ಪ್ರಯೋಗಾಲಯದಲ್ಲಿ ಸೆಲ್ಲನ್ನು ತೂಗಿ ಫೋಟೋ ಕಳಿಸಿದ್ದಳು. 26 ಗ್ರಾಂ.