ಹಳೆಯ ಜೋಡಿನಳಿಗೆ ಬಂದೂಕು: ಬಾಕ್ಸ್‌ಲಾಕೋ ಸೈಡ್‌ಲಾಕೋ, ದೋಷ ಹುಡುಕುವುದು ಯಾವುದರಲ್ಲಿ ಸುಲಭ?
ಕೆತ್ತನೆ ನೋಡಿ ಮರುಳಾಗಬೇಡಿ. ಕೆಟ್ಟಾಗ ದೋಷ ಎಷ್ಟು ಬೇಗ ಸಿಗುತ್ತದೆ ಅನ್ನೋದನ್ನ ಮೊದಲು ಯೋಚಿಸಿ.

ಲಾಕ್ ಅಂದರೆ ಗುಂಡು ಹಾರಿಸುವ ಯಂತ್ರಭಾಗ, ನಳಿಗೆಗೆ ಒಂದರಂತೆ. ಸೈಡ್‌ಲಾಕ್‌ನಲ್ಲಿ ಎರಡು ಲಾಕ್‌ಗಳೂ ಪಕ್ಕದ ತಟ್ಟೆಗಳ ಮೇಲೆ ಕೂತಿರುತ್ತವೆ. ತಟ್ಟೆ ಬಿಚ್ಚಿದರೆ ಸ್ಪ್ರಿಂಗ್, ಟಂಬ್ಲರ್ (ತೋಟಾ ಸಿಡಿಸಲು ಬಡಿಯುವ ಒಳಸುತ್ತಿಗೆ), ಸಿಯರ್ (ಟ್ರಿಗರ್ ಒತ್ತುವವರೆಗೆ ಅದನ್ನು ಹಿಡಿದಿಡುವ ಕೊಕ್ಕೆ) ಎಲ್ಲಾ ಕಣ್ಣೆದುರೇ. ಒಂದು ಕಡೆ ಸವೆದಿದೆಯಾ ಅಂತ ಇನ್ನೊಂದರ ಜೊತೆ ಹೋಲಿಸಬಹುದು. ಆದರೆ ಭಾಗಗಳು ಜಾಸ್ತಿ. ಮುರಿದದ್ದನ್ನು ಕೈಯಲ್ಲೇ ಮಾಡಿಸಬೇಕಾಗಬಹುದು.

ಬಾಕ್ಸ್‌ಲಾಕ್‌ಗೆ ಇಂಗ್ಲೆಂಡಿನ ಬಂದೂಕು ತಯಾರಕರಾದ ಆನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಪಡೆದರು. ಭಾಗಗಳು ಕಡಿಮೆ, ಗಟ್ಟಿಮುಟ್ಟು. ಎಲ್ಲವೂ ಆಕ್ಷನ್‌ನ (ನಳಿಗೆಯ ಹಿಂದಿನ ಲೋಹದ ಚೌಕಟ್ಟಿನ) ಒಳಗಿರುವುದರಿಂದ ಹೊರಗಿನ ಲಕ್ಷಣಗಳಿಂದಲೇ ಊಹಿಸಬೇಕು. ಒಂದು ಟ್ರಿಗರ್ ಒತ್ತಿದಾಗ ಎರಡೂ ನಳಿಗೆ ಹಾರಿದರೆ ಸಿಯರ್ ಸವೆದಿರಬಹುದು. ಅದು ಯಾವ ಬಗೆಯ ಬಂದೂಕೇ ಆಗಿರಲಿ, ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ನೋಡುವವರೆಗೆ ಮತ್ತೆ ಹಾರಿಸಲೇಬೇಡಿ.

ಸಡಿಲ ನಳಿಗೆಯ ಪರೀಕ್ಷೆ ಎರಡಕ್ಕೂ ಒಂದೇ. ತೋಟಾ ಇಲ್ಲ ಅಂತ ಎರಡು ಸಲ ನೋಡಿ, ನಳಿಗೆಯ ಕೆಳಗಿನ ಮರದ ಹಿಡಿ, ಅಂದರೆ ಫೋರ್‌ಎಂಡ್ ತೆಗೆದು, ಬಂದೂಕು ಮುಚ್ಚಿ ಮೆಲ್ಲಗೆ ಅಲ್ಲಾಡಿಸಿ. ಫೋರ್‌ಎಂಡ್ ಇದ್ದರೆ ಅದರ ಬಿಗಿ ಸಡಿಲವನ್ನು ಮುಚ್ಚಿಡುತ್ತದೆ. ಕಟಕಟ ಅಂದರೆ ಹಿಂಜ್ ಪಿನ್ (ನಳಿಗೆ ಬಾಗಿ ತೆರೆಯುವ ಕೀಲು) ಅಥವಾ ಲಂಪ್ (ಆ ಕೀಲಿಗೆ ಕೂರುವ, ನಳಿಗೆಯ ಅಡಿಯ ಗಟ್ಟಿ ಭಾಗ) ಸವೆದಿದೆ ಅಂತ ಅನುಮಾನಿಸಿ.

ದೋಷ ಸೈಡ್‌ಲಾಕ್‌ನಲ್ಲಿ ಬೇಗ ಕಂಡರೂ, ಭಾಗಗಳು ಕಡಿಮೆ, ಗಟ್ಟಿಮುಟ್ಟು ಅಂತ ಮೊದಲ ಬಂದೂಕಿಗೆ ನಾನು ಬಾಕ್ಸ್‌ಲಾಕನ್ನೇ ಹೇಳುತ್ತೇನೆ. ನುರಿತ ಗನ್‌ಸ್ಮಿತ್ ಹತ್ತಿರವಿದ್ದರೆ ಮಾತ್ರ ಸೈಡ್‌ಲಾಕ್.