ಆಪರೇಷನ್‌ಗೆ ಮುಂಚೆ ಒಪಿಯಾಯ್ಡ್ ಇಂಜೆಕ್ಷನ್ ಬೇಕಾ, ಬೇಡವಾ?

ಕಾಸರಗೋಡಿನಿಂದ ಮಂಗಳೂರಿಗೆ ಆಪರೇಷನ್‌ಗೆ ಹೊರಟವರು ಇದನ್ನು ಯೋಚಿಸಬೇಕು. ಒಪಿಯಾಯ್ಡ್ ಅಂದರೆ ಮಾರ್ಫಿನ್, ಪೆಥಿಡಿನ್‌ನಂಥ ಬಲವಾದ ನೋವಿನ ಮದ್ದು. ಇದನ್ನು ಮೊದಲೇ ಕೊಟ್ಟರೆ ನೋವು ತಗ್ಗುತ್ತದೆ, ಮಂಪರು ಬರುತ್ತದೆ. ಮೂಳೆ ಮುರಿದು ನರಳುವವರಿಗೆ ಅದು ದೊಡ್ಡ ಆಸರೆ. ಆದರೆ ವಾಂತಿ, ತುರಿಕೆ ಬರಬಹುದು, ಉಸಿರು ನಿಧಾನವಾಗಬಹುದು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಅಪಾಯ ಜಾಸ್ತಿ.

ಇಂಥ ಮದ್ದುಗಳನ್ನು ಅಧ್ಯಯನಗಳಲ್ಲಿ ಪ್ಲಸೀಬೊ ಜೊತೆ ಹೋಲಿಸುತ್ತಾರೆ. ಪ್ಲಸೀಬೊ ಅಂದರೆ ಮದ್ದಿಲ್ಲದ ಸೂಜಿ ಅಥವಾ ಮಾತ್ರೆ. ಅದು ಅಧ್ಯಯನಕ್ಕೆ ಮಾತ್ರ. ನಿಮ್ಮ ಪಾಲಿಗೆ ಅದರ ಅರ್ಥ, ಇಂಜೆಕ್ಷನ್ ಇಲ್ಲದೆ ಹೋಗುವುದು. ನೋವಿಲ್ಲ, ಬರೀ ಭಯ ಅಂದರೆ ನಾನು ಇದನ್ನೇ ಆರಿಸುತ್ತೇನೆ. 2015ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಭಯಕ್ಕೆಂದೇ ಕೊಡುವ ಲೊರಾಜೆಪಾಮ್ ಕೂಡ ಪ್ಲಸೀಬೊಗಿಂತ ಹೆಚ್ಚು ತೃಪ್ತಿ ಕೊಡಲಿಲ್ಲ.

ಅರಿವಳಿಕೆ ಡಾಕ್ಟರರ ಹತ್ತಿರ ಗೊರಕೆ, ಅಲರ್ಜಿ, ಹಿಂದಿನ ಆಪರೇಷನ್‌ನಲ್ಲಾದ ವಾಂತಿ ಎಲ್ಲ ಹೇಳಿ. ಊರಿನ ಡಾಕ್ಟರರ ಹಳೇ ಚೀಟಿಗಳನ್ನೂ ಒಯ್ಯಿರಿ. ಕೊನೆಯ ತೀರ್ಮಾನ ಅರಿವಳಿಕೆ ಡಾಕ್ಟರರದ್ದೇ ಆಗಿರಲಿ.